ಬ್ರೆಸ್ಟ್‌ಸ್ಟ್ರೋಕ್ ಕಲಿಯುವವರ ಪದೇ ಪದೇ ಕೇಳುವ ಪ್ರಶ್ನೆಗಳು: ನೀರಿನಲ್ಲಿ ದೇಹ ಏನು ಮಾಡುತ್ತದೆ, ಏನು ಮಾಡಬೇಕು

ದೊಡ್ಡವರಾದ ಮೇಲೆ ಈಜು ಕಲಿಯಲು ಬರುವವರಲ್ಲಿ ಬಹಳಷ್ಟು ಜನ ಕೇಳುವುದು ಬ್ರೆಸ್ಟ್‌ಸ್ಟ್ರೋಕನ್ನೇ, ಅಂದರೆ ಎದೆ ಕೆಳಗಾಗಿ ಎರಡೂ ಕೈ ಒಟ್ಟಿಗೆ ಎಳೆದು, ಎರಡೂ ಕಾಲು ಒಟ್ಟಿಗೆ ಒದೆಯುವ ಈಜನ್ನು. ತಲೆ ಮೇಲಿರುತ್ತದೆ, ಎದುರಿಗೇನಿದೆ ಎಂದು ಕಾಣುತ್ತದೆ, ಉಸಿರು ಕಟ್ಟುವುದಿಲ್ಲ ಎಂಬ ಧೈರ್ಯ. ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ಜನ ಪೂಲಿನ ಅಂಚು ಹಿಡಿದುಕೊಂಡು, ಏದುಸಿರು ಬಿಡುತ್ತ ಕೇಳುವ ಪ್ರಶ್ನೆಗಳು ಇವು. ಪ್ರಶ್ನೆಗಳು ಬೇರೆ ಬೇರೆಯಾದರೂ ಹೆಚ್ಚಿನವುಗಳ ಬೇರು ಒಂದೇ: ಬಲ ಸಾಲದೆ ಸೋಲುವವರು ಕಡಿಮೆ, ಹಾಕಿದ ಬಲಕ್ಕೆ ತಾವೇ ಅಡ್ಡ ಬರುವವರು ಜಾಸ್ತಿ.

ಅಷ್ಟು ಜೋರಾಗಿ ಕೈಕಾಲು ಬಡಿದರೂ ಮುಂದೆ ಹೋಗುತ್ತಲೇ ಇಲ್ಲ. ಯಾಕೆ?

ಮುಂದೆ ಹೋಗುತ್ತಿದ್ದೀರಿ, ಹೋದಷ್ಟೂ ವಾಪಸು ಬರುತ್ತಿದ್ದೀರಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ಸಾಗುವ ದೇಹಕ್ಕೆ ಎದುರಾಗುವ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಫ್ರೀಸ್ಟೈಲ್‌ನಲ್ಲಿ ಒಂದು ಕೈ ನೀರು ಎಳೆಯುತ್ತಿರುವಾಗ ಇನ್ನೊಂದು ಕೈ ಗಾಳಿಯಲ್ಲಿ ಆರಾಮಾಗಿ ಮುಂದೆ ಬರುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆ ಅನುಕೂಲವಿಲ್ಲ. ಕಾಲು ನೀರಿನೊಳಗೇ ಮಡಚಿ ಮುಂದೆ ಬರಬೇಕು, ಕೈಯೂ ಬಹುಮಟ್ಟಿಗೆ ನೀರಿನೊಳಗೇ ಚಾಚಿಕೊಳ್ಳಬೇಕು. ಹಾಗೆ ಬರುವಾಗ ಅವು ನೀರನ್ನು ಮುಂದಕ್ಕೆ ತಳ್ಳುತ್ತವೆ, ನೀರು ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಇದಕ್ಕಿಂತ ಸಿಟ್ಟು ಬರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಒದ್ದಾದ ಮೇಲೆ ನೀವು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಆಗ ತೊಡೆಯನ್ನು ಹೊಟ್ಟೆಯ ಕಡೆಗೆ ಸೆಕೆಂಡಿಗೆ ಇನ್ನೊಂದು ಮೀಟರ್ ವೇಗದಲ್ಲಿ ಎಳೆದುಕೊಂಡರೆ, ನೀರಿನ ಲೆಕ್ಕದಲ್ಲಿ ಆ ತೊಡೆ 2 ಮೀಟರ್ ವೇಗದಲ್ಲಿ ಮುಂದಕ್ಕೆ ನುಗ್ಗುತ್ತಿದೆ. ಅದರ ಮೇಲಿನ ತಡೆ ಸುಮಾರು ನಾಲ್ಕು ಪಟ್ಟು ಏರಿತು. ಸಾಲದ್ದಕ್ಕೆ, ನೇರವಾಗಿದ್ದ ತೊಡೆ ಈಗ ನೀರಿಗೆ ಅಡ್ಡವಾಗಿ ನಿಂತಿದೆ. ಹೊಸಬರು ಒದೆಯುವಷ್ಟೇ ಜೋರಾಗಿ ಕಾಲು ಮಡಚುತ್ತಾರೆ. ಅದಕ್ಕೇ ಇದ್ದ ಜಾಗದಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತಾರೆ. ಮಡಚುವುದು ನಿಧಾನ, ಒದೆಯುವುದು ಜೋರು. ಇದೊಂದನ್ನು ಬದಲಿಸಿದರೆ ಅದೇ ದಿನ ವ್ಯತ್ಯಾಸ ಕಾಣುತ್ತದೆ.

ಈ ಕಷ್ಟ ನಿಮ್ಮೊಬ್ಬರದೇ ಅಲ್ಲ. ಪುರುಷರ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆ್ಯಡಮ್ ಪೀಟಿ 2019ರಲ್ಲಿ ಗ್ವಾಂಗ್ಜುವಿನಲ್ಲಿ ಮಾಡಿದ ದಾಖಲೆ 56.88 ಸೆಕೆಂಡ್. ಅದೇ ದೂರದ ಫ್ರೀಸ್ಟೈಲ್‌ನಲ್ಲಿ ಪಾನ್ ಝಾನ್ಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಾಡಿದ್ದು 46.40. ನಾಲ್ಕು ಸ್ಪರ್ಧಾ ಈಜುಗಳಲ್ಲಿ ಬ್ರೆಸ್ಟ್‌ಸ್ಟ್ರೋಕೇ ಅತ್ಯಂತ ನಿಧಾನ, ಮತ್ತು ಒಂದೇ ಸುತ್ತಿನೊಳಗೆ (ಒಂದು ಎಳೆತ, ಒಂದು ಒದೆತ) ವೇಗ ಅತಿ ಹೆಚ್ಚು ಏರಿಳಿಯುವುದೂ ಇದರಲ್ಲೇ. ಪಳಗಿದವರೂ ಕಾಲು ಮಡಚುವ ಗಳಿಗೆಯಲ್ಲಿ ಬಹಳ ನಿಧಾನವಾಗುತ್ತಾರೆ. ಕಲಿಯುವವರು ಪೂರ್ತಿ ನಿಂತೇ ಬಿಡುತ್ತಾರೆ.

ಇದರಲ್ಲಿ ಕೈ ಮುಖ್ಯವೋ ಕಾಲು ಮುಖ್ಯವೋ?

ಕಾಲು. ಫ್ರೀಸ್ಟೈಲ್‌ನಲ್ಲಿ ದೇಹವನ್ನು ಎಳೆದುಕೊಂಡು ಹೋಗುವುದು ಹೆಚ್ಚಾಗಿ ಕೈ, ಇಲ್ಲಿ ತಿರುಗುಮುರುಗು. ಜಿಮ್‌ನಲ್ಲಿ ಭುಜ ಬೆಳೆಸಿಕೊಂಡು ಬಂದ ಹುಡುಗರು ಮೊದಲ ತಿಂಗಳು ಒದ್ದಾಡುವುದನ್ನೂ, ಅವರ ಪಕ್ಕದ ಲೇನ್‌ನಲ್ಲಿ ಐವತ್ತು ದಾಟಿದ ಹೆಂಗಸರು ಸದ್ದಿಲ್ಲದೆ ದಾಟಿಹೋಗುವುದನ್ನೂ ಯಾವ ಪೂಲಿನಲ್ಲಾದರೂ ನೋಡಬಹುದು. ಕಲಿಕೆಯ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಾಲಿಗೇ ಕೊಡಿ.

ಒದೆಯುವಾಗ ಪಾದ ಹೇಗಿರಬೇಕು? ಕೋಚ್ ದಿನಾ ‘ಪಾದ ತಿರುಗಿಸಿ’ ಎಂದು ಕೂಗುತ್ತಾರೆ, ನನಗೆ ಅರ್ಥವೇ ಆಗಿಲ್ಲ.

ಹೊಸಬರ ಬ್ರೆಸ್ಟ್‌ಸ್ಟ್ರೋಕ್ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀರನ್ನು ಹಿಂದಕ್ಕೆ ತಳ್ಳಲು ಅಗಲವಾದ ಒಂದು ಮೈ ಬೇಕು. ನಿಮ್ಮ ಹತ್ತಿರ ಇರುವುದು ಅಂಗಾಲು, ಪಾದದ ಒಳಬದಿ ಮತ್ತು ಕಣಕಾಲಿನ ಒಳಬದಿ. ಹಿಮ್ಮಡಿಯನ್ನು ಕುಂಡೆಯ ಹತ್ತಿರ ತಂದ ಮೇಲೆ ಎರಡು ಕೆಲಸ ಆಗಬೇಕು. ಒಂದು, ಕಾಲ್ಬೆರಳುಗಳು ಮೊಣಕಾಲಿನ ಕಡೆಗೆ ಮಡಚಬೇಕು, ನೆಲದ ಮೇಲೆ ಹಿಮ್ಮಡಿ ಊರಿ ನಿಂತಾಗ ಮಡಚಿದ ಹಾಗೆ. ಎರಡು, ಆ ಬೆರಳುಗಳು ಪಕ್ಕಕ್ಕೆ, ಹೊರಕ್ಕೆ ತಿರುಗಬೇಕು; ಎಡ ಪಾದ ಎಡ ಗೋಡೆಯನ್ನು, ಬಲ ಪಾದ ಬಲ ಗೋಡೆಯನ್ನು ನೋಡಬೇಕು. ಆಗ ಅಂಗಾಲು ಹಿಂದಕ್ಕೆ ಮುಖ ಮಾಡುತ್ತದೆ. ಅಲ್ಲಿಂದ ಹಿಮ್ಮಡಿಗಳು ಸ್ವಲ್ಪ ಹೊರಕ್ಕೆ, ಹಿಂದಕ್ಕೆ, ಆಮೇಲೆ ಒಳಕ್ಕೆ ಬಳಸಿ ಬಂದು ಕೂಡಿಕೊಳ್ಳುತ್ತವೆ. ಕೂಡುವ ಕೊನೆಯಲ್ಲಿ ಮಾತ್ರ ಬೆರಳು ಚೂಪಾಗಿ ಹಿಂದಕ್ಕೆ ಚಾಚಬೇಕು.

ಹೊಸಬರು ಮಾಡುವುದು ಇದರ ತದ್ವಿರುದ್ಧ. ಬೆರಳು ಮೊದಲಿನಿಂದಲೂ ಚೂಪಾಗಿಯೇ ಇರುತ್ತದೆ. ಆಗ ನೀರಿಗೆ ಸಿಗುವುದು ಪಾದದ ತುದಿ ಮಾತ್ರ, ನೀರು ಜಾರಿಹೋಗುತ್ತದೆ. ಕಿಕ್‌ಬೋರ್ಡ್ (ತೇಲುವ ಹಲಗೆ) ಹಿಡಿದು ಒದ್ದರೂ ಅಲ್ಲೇ ನಿಂತಿರುವವರ, ಕೆಲವೊಮ್ಮೆ ನಿಧಾನಕ್ಕೆ ಹಿಂದಕ್ಕೆ ಸರಿಯುವವರ ಪಾದ ನೋಡಿ, ನೂರಕ್ಕೆ ತೊಂಬತ್ತು ಪಾಲು ಹೀಗೇ ಇರುತ್ತದೆ. ಮಜವೆಂದರೆ ಅವರಿಗೆ ತಮ್ಮ ಪಾದ ಮಡಚಿದೆ ಎಂದೇ ಅನ್ನಿಸುತ್ತಿರುತ್ತದೆ. ನೀರಿನಲ್ಲಿ, ಅದೂ ಕಣ್ಣಿಗೆ ಕಾಣದ ಬೆನ್ನ ಹಿಂದೆ, ಪಾದ ಎಲ್ಲಿದೆ ಎಂಬ ಅಂದಾಜು ಮಿದುಳಿಗೆ ಅಷ್ಟು ಚೆನ್ನಾಗಿ ಸಿಗುವುದಿಲ್ಲ.

ಅದಕ್ಕೆ ಕಣ್ಣಿನ ಸಹಾಯ ತೆಗೆದುಕೊಳ್ಳಿ. ಪೂಲಿನ ಅಂಚಿನಲ್ಲಿ ಕೂತು, ಕೈ ಹಿಂದೆ ಊರಿ, ಕಾಲನ್ನು ನೀರಿಗೆ ಬಿಟ್ಟು ಒದೆಯುವುದನ್ನು ನೋಡುತ್ತ ಮಾಡಿ. ಆಮೇಲೆ ಅಂಚು ಹಿಡಿದು ಹೊಟ್ಟೆಯ ಮೇಲೆ ಮಲಗಿ, ಗೆಳೆಯರೊಬ್ಬರಿಗೆ ನಿಮ್ಮ ಅಂಗಾಲಿಗೆ ಅಂಗೈ ಒತ್ತಿ ಹಿಡಿಯಲು ಹೇಳಿ. ಆ ಅಂಗೈಯನ್ನು ತಳ್ಳಿ. ತಳ್ಳಲು ಏನೋ ಸಿಕ್ಕಿತು ಎಂಬ ಆ ಅನುಭವವನ್ನೇ ಆಮೇಲೆ ಬರೀ ನೀರಿನಲ್ಲಿ ಹುಡುಕಬೇಕು. ಅಂಗಾತ ಮಲಗಿ, ತೊಡೆಗಳು ನೀರಿನಿಂದ ಮೇಲೆ ಬಾರದಂತೆ ಒದೆಯುವುದು ಇನ್ನೊಂದು ಒಳ್ಳೆಯ ಅಭ್ಯಾಸ: ತೊಡೆಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿದ್ದರೆ ಮೊಣಕಾಲು ನೀರಿನಿಂದ ಹೊರಬಂದು ನಿಮಗೇ ಹೇಳಿಬಿಡುತ್ತದೆ.

ಕಪ್ಪೆಯ ಹಾಗೆ ಒದೆಯಬೇಕು ಎನ್ನುತ್ತಾರಲ್ಲ?

ಮಕ್ಕಳಿಗೆ ಹೇಳಲು ಪರವಾಗಿಲ್ಲ, ದೊಡ್ಡವರಿಗೆ ಹೇಳಿದರೆ ಹಾಳು. ಕಪ್ಪೆ ಎಂದ ಕೂಡಲೇ ಎಲ್ಲರೂ ಮೊಣಕಾಲನ್ನು ಭುಜಕ್ಕಿಂತ ಅಗಲ ಮಾಡಿ, ತೊಡೆಯನ್ನು ಹೊಟ್ಟೆಯ ಕೆಳಗೆ ತರುತ್ತಾರೆ. ಹಳೆಯ ಕಾಲದಲ್ಲಿ ಕಲಿಸುತ್ತಿದ್ದದ್ದೂ ಹಾಗೆಯೇ: ಮೊಣಕಾಲು ಅಗಲಿಸು, ಕಾಲು ನೇರ ಮಾಡು, ಎರಡು ಕಾಲಿನ ನಡುವಿನ ನೀರನ್ನು ಹಿಸುಕಿ ತಳ್ಳು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್, ನೀರನ್ನು ಹಿಸುಕಿ ದೇಹ ಮುಂದೆ ಹೋಗುವುದಿಲ್ಲ, ಅಂಗಾಲಿನಿಂದ ಹಿಂದಕ್ಕೆ ತಳ್ಳಿದರೇ ಹೋಗುವುದು ಎಂದು ವಾದಿಸಿ, ಮೊಣಕಾಲು ಹತ್ತಿರ ಇಟ್ಟು ಕಣಕಾಲನ್ನು ಚಾಟಿಯಂತೆ ಬೀಸುವ ವಿಪ್ ಕಿಕ್ಕನ್ನು ಜನಪ್ರಿಯಗೊಳಿಸಿದರು. ಅವರ ಶಿಷ್ಯ ಚೆಟ್ ಜಸ್ಟ್ರೆಮ್‌ಸ್ಕಿ 1961ರಲ್ಲಿ ವಿಶ್ವದಾಖಲೆಗಳನ್ನು ಒಂದರ ಹಿಂದೊಂದು ಮುರಿದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ.

ಆದರೂ ವಿಪ್ ಕಿಕ್ ಎಲ್ಲರ ಕೀಲಿಗೂ ಒಗ್ಗುವುದಿಲ್ಲ. ಮೊಣಕಾಲುಗಳ ನಡುವೆ ಸೊಂಟದಷ್ಟು, ಹೆಚ್ಚೆಂದರೆ ಭುಜದಷ್ಟು ಅಗಲ ಇಟ್ಟುಕೊಂಡು ಶುರು ಮಾಡಿ. ಪಾದಗಳು ಮೊಣಕಾಲಿಗಿಂತ ಹೊರಗಿರಬೇಕು. ಮುಂಡಕ್ಕೂ ತೊಡೆಗೂ ನಡುವಿನ ಕೋನ 120 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. 90ಕ್ಕೆ ಇಳಿದರೆ ತೊಡೆ ಗೋಡೆಯಾಯಿತು.

ನಾವು ನೆಲದ ಮೇಲೆ ಕೂತು ಬೆಳೆದವರು. ಸೊಂಟ, ಮಂಡಿ ಸಡಿಲ. ನಮಗೆ ಇದು ಸುಲಭ ಆಗಬೇಕಲ್ಲವೇ?

ಅರ್ಧ ಸರಿ. ಕುಕ್ಕರುಗಾಲಿನಲ್ಲಿ ಕೂರುವ ಅಭ್ಯಾಸವಿದ್ದವರ ಪಾದದ ಕೀಲು ಚೆನ್ನಾಗಿ ಮಡಚುತ್ತದೆ. ಹಿಮ್ಮಡಿ ನೆಲದಿಂದ ಏಳದೆ ಕುಕ್ಕರು ಕೂರಬಲ್ಲವರು ಕಿಕ್‌ನ ಮೊದಲ ಭಾಗವನ್ನು ಬೇಗ ಹಿಡಿಯುತ್ತಾರೆ. ಕುರ್ಚಿ, ಕಮೋಡ್, ಕಾರು ಎಂದು ಇಪ್ಪತ್ತು ವರ್ಷ ಕಳೆದವರಿಗೆ ಇಲ್ಲೇ ಮೊದಲ ತಡೆ.

ಚಕ್ಕಳಮಕ್ಕಳ ಹಾಕಿ ಕೂರುವುದು ಮಾತ್ರ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ತೊಡೆ ಸೊಂಟದ ಕೀಲಿನಲ್ಲಿ ಹೊರಕ್ಕೆ ತಿರುಗುತ್ತದೆ. ಬ್ರೆಸ್ಟ್‌ಸ್ಟ್ರೋಕ್ ಕಿಕ್‌ಗೆ ಬೇಕಾದದ್ದು ತೊಡೆ ಒಳಕ್ಕೆ ತಿರುಗಿ, ಮೊಣಕಾಲಿನ ಕೆಳಗಿನ ಭಾಗ ಹೊರಕ್ಕೆ ತಿರುಗುವುದು. ಯೋಗ ಮಾಡುವವರಿಗೆ ಹೇಳುವುದಾದರೆ, ಪದ್ಮಾಸನಕ್ಕಿಂತ ವೀರಾಸನಕ್ಕೆ ಹತ್ತಿರದ ಚಲನೆ ಇದು. ವಜ್ರಾಸನ ಪಾದವನ್ನು ಚೂಪಾಗಿ ಚಾಚುವುದರಿಂದ ಫ್ರೀಸ್ಟೈಲ್‌ಗೆ ಒಳ್ಳೆಯದು, ಇಲ್ಲಿ ಅಷ್ಟಕ್ಕಷ್ಟೇ. ಹಾಗೆಂದು ಮಂಡಿ ಒಪ್ಪದಿದ್ದರೂ ಬಲವಂತವಾಗಿ ವೀರಾಸನದಲ್ಲಿ ಕೂರಬೇಡಿ. ಈಜು ಕಲಿಯಲು ಹೋಗಿ ಮಂಡಿ ಕೆಡಿಸಿಕೊಂಡ ಹಾಗಾಗುತ್ತದೆ.

ಒಂದು ಕಾಲು ಸರಿಯಾಗಿ ಒದೆಯುತ್ತದೆ, ಇನ್ನೊಂದು ಕತ್ತರಿಯ ಹಾಗೆ ಹೋಗುತ್ತದೆ.

ಇದಕ್ಕೆ ಸಿಸರ್ ಕಿಕ್ ಎನ್ನುತ್ತಾರೆ. ಒಂದು ಪಾದ ಹೊರಕ್ಕೆ ತಿರುಗಿದೆ, ಇನ್ನೊಂದು ತಿರುಗಿಲ್ಲ. ಎಡ ಬಲ ಸೊಂಟದ ತಿರುಗುವಿಕೆ ನಮ್ಮಲ್ಲಿ ಹೆಚ್ಚಿನವರಿಗೆ ಸಮನಾಗಿರುವುದಿಲ್ಲ. ಆದರೆ ಎಷ್ಟೋ ಸಲ ಕಾರಣ ಕಾಲಿನಲ್ಲಿರದೆ ಮೇಲಿರುತ್ತದೆ: ಉಸಿರಿಗೆ ಮುಖ ಎತ್ತುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರೆ, ಒಂದು ಭುಜ ಇಳಿಯುತ್ತದೆ, ಅದರ ಜೊತೆ ಸೊಂಟವೂ ವಾಲುತ್ತದೆ. ಫ್ರೀಸ್ಟೈಲ್ ಮೊದಲು ಕಲಿತವರಲ್ಲಿ ಇದು ಸಾಮಾನ್ಯ. ಮೊದಲು ಗಲ್ಲ ನೇರವಾಗಿ ಮುಂದಕ್ಕೇ ಏಳುತ್ತಿದೆಯೇ ನೋಡಿಕೊಳ್ಳಿ. ಆಮೇಲೆ ಹಠ ಮಾಡುವ ಕಾಲೊಂದರಿಂದಲೇ ಒದೆಯುವ ಅಭ್ಯಾಸ, ಇನ್ನೊಂದನ್ನು ಹಿಂದಕ್ಕೆ ನೇರ ಚಾಚಿಟ್ಟುಕೊಂಡು. ವಾರಗಟ್ಟಲೆ ಹಿಡಿಯುತ್ತದೆ, ಬೇಸರವೂ ಆಗುತ್ತದೆ.

ಮಂಡಿಯ ಒಳಬದಿಯಲ್ಲಿ ನೋವು ಶುರುವಾಗಿದೆ. ನಿಲ್ಲಿಸಬೇಕೇ?

ಆ ದಿನದ ಮಟ್ಟಿಗೆ ಈ ಕಿಕ್ ನಿಲ್ಲಿಸಿ. ಮಂಡಿಯ ಮುಖ್ಯ ಕೆಲಸ ಮಡಚುವುದು, ಚಾಚುವುದು. ತಿರುಗುವುದಕ್ಕೆ ಅದರಲ್ಲಿ ಇರುವ ಅವಕಾಶ ಸ್ವಲ್ಪ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಡಚಿದ ಮಂಡಿ ಹೊರತಿರುಗಿದ ಪಾದದೊಂದಿಗೆ ಜೋರಾಗಿ ನೇರವಾಗುತ್ತದೆ, ಪಕ್ಕದಿಂದ ನೀರಿನ ಒತ್ತಡವೂ ಸೇರುತ್ತದೆ. ಆ ಜಗ್ಗಾಟವನ್ನೆಲ್ಲ ತಡೆದುಕೊಳ್ಳುವುದು ಮಂಡಿಯ ಒಳಬದಿಯಲ್ಲಿ ತೊಡೆಮೂಳೆಯನ್ನೂ ಕಣಕಾಲ ಮೂಳೆಯನ್ನೂ ಕಟ್ಟಿ ಹಿಡಿದ ಅಸ್ಥಿರಜ್ಜು, ಅಂದರೆ ಲಿಗಮೆಂಟ್. ಈಜು ಲೋಕದಲ್ಲಿ ಈ ನೋವಿಗೆ ‘ಬ್ರೆಸ್ಟ್‌ಸ್ಟ್ರೋಕರ್ಸ್ ನೀ’ ಎಂದೇ ಹೆಸರಿದೆ.

ಸೊಂಟ ತಿರುಗಲು ಒಪ್ಪದಿದ್ದಾಗ ಆ ತಿರುಗುವಿಕೆಯ ಬಾಕಿಯನ್ನೆಲ್ಲ ಮಂಡಿ ತುಂಬಿಕೊಡಬೇಕಾಗುತ್ತದೆ. ಮೊಣಕಾಲುಗಳನ್ನು ತೀರಾ ಹತ್ತಿರ ಇಟ್ಟರೂ, ತೀರಾ ಅಗಲಿಸಿದರೂ ಹೊರೆ ಏರುತ್ತದೆ. ತಣ್ಣಗಿನ ಮೈಯಲ್ಲಿ ನೇರವಾಗಿ ನೀರಿಗಿಳಿದು ಜೋರಾಗಿ ಒದೆಯುವುದು, ಒಂದೇ ದಿನ ಕಿಕ್ ಅಭ್ಯಾಸವನ್ನು ಅತಿಯಾಗಿ ಮಾಡುವುದು ಇನ್ನೆರಡು ಕಾರಣಗಳು. ನೋವು ಇಳಿದ ಮೇಲೆ ಸ್ವಲ್ಪ ಅಗಲ ಬದಲಿಸಿ, ಅರ್ಧ ಬಲದಲ್ಲಿ ಶುರು ಮಾಡಿ, ನಡುನಡುವೆ ಬೇರೆ ಈಜು ಸೇರಿಸಿ. ಮೊದಲೇ ಮಂಡಿ ಸವೆತ ಇರುವವರು, ಲಿಗಮೆಂಟ್ ಅಥವಾ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಪೆಟ್ಟಾದವರು ಮೂಳೆ ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕೇಳದೆ ಇದಕ್ಕೆ ಇಳಿಯದಿರುವುದೇ ಒಳ್ಳೆಯದು. ‘ಈಜು ಮಂಡಿಗೆ ಒಳ್ಳೆಯದಂತೆ’ ಎಂಬ ಮಾತು ಎಲ್ಲ ಈಜಿಗೂ ಒಂದೇ ಥರ ಅನ್ವಯಿಸುವುದಿಲ್ಲ.

ನೋವಿನ ಜೊತೆ ಊತವಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡ ಹಾಗಾದರೆ ಕಾಯಬೇಡಿ.

ನನ್ನ ಕಾಲು ಮುಳುಗುತ್ತದೆ. ಮೂಳೆ ಭಾರ ಇರಬಹುದೇ?

ಬಹುಮಟ್ಟಿಗೆ ಎಲ್ಲರ ಕಾಲೂ ಮುಳುಗುತ್ತದೆ. ನೀರು ದೇಹವನ್ನು ಮೇಲಕ್ಕೆ ತಳ್ಳುವ ಬಲದ ಕೇಂದ್ರ ಎದೆಯ ಕಡೆಗಿರುತ್ತದೆ, ಯಾಕೆಂದರೆ ಗಾಳಿ ತುಂಬಿದ ಶ್ವಾಸಕೋಶ ಅಲ್ಲಿದೆ. ದೇಹದ ತೂಕದ ಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದ ಹತ್ತಿರ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ನಡುವಿನ ಅಂತರದಿಂದಾಗಿ ದೇಹ ತಿರುಗಿ ಕಾಲು ಇಳಿಯುತ್ತದೆ. ಪೂರ್ತಿ ಉಸಿರು ತುಂಬಿಕೊಂಡರೆ ಹೆಚ್ಚಿನವರು ನೀರಿಗಿಂತ ಕೊಂಚ ಹಗುರ, ಪೂರ್ತಿ ಬಿಟ್ಟರೆ ಕೊಂಚ ಭಾರ. ಸ್ನಾಯು ಹೆಚ್ಚಿದ್ದು ಕೊಬ್ಬು ಕಡಿಮೆ ಇರುವ ಗಂಡಸರ ಕಾಲು ಬೇಗ ಇಳಿಯುವುದು ನಿಜ.

ಆದರೆ ಈಜುವಾಗ ಕಾಲು ಮುಳುಗುವುದಕ್ಕೆ ಮೂಳೆಗಿಂತ ದೊಡ್ಡ ಕಾರಣ ತಲೆ. ದೊಡ್ಡವರ ತಲೆ ನಾಲ್ಕೈದು ಕೆಜಿ ತೂಗುತ್ತದೆ. ನೀರಿನೊಳಗಿದ್ದಾಗ ಆ ಭಾರವನ್ನು ಬಹುಪಾಲು ನೀರೇ ಹೊರುತ್ತದೆ. ಹೊರಗೆ ಎತ್ತಿ ಹಿಡಿದರೆ ನೀವು ಹೊರಬೇಕು. ತಲೆ ಎತ್ತಿದಷ್ಟೂ ಸೊಂಟ ಇಳಿಯುತ್ತದೆ, ಸೊಂಟ ಇಳಿದಷ್ಟೂ ನೀರಿಗೆ ಎದುರಾಗಿ ನಿಲ್ಲುವ ಮೈ ದೊಡ್ಡದಾಗುತ್ತದೆ. ಒದ್ದ ಬಳಿಕ ಮುಖವನ್ನು ನೀರಿಗಿಟ್ಟು ಪೂಲಿನ ತಳ ನೋಡಿ. ಕಾಲು ತಾನಾಗಿ ಮೇಲೆ ಬರುತ್ತದೆ.

ಊರಿನ ಬಾವಿಯಲ್ಲಿ ಕಲಿತೆ, ತಲೆ ಎತ್ತಿಕೊಂಡೇ ಈಜುತ್ತೇನೆ. ಇಲ್ಲಿ ಬಂದರೆ ಕೋಚ್ ಎಲ್ಲ ತಪ್ಪು ಎನ್ನುತ್ತಾರೆ!

ತಪ್ಪು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಪ್ಲಾಸ್ಟಿಕ್ ಕ್ಯಾನನ್ನೋ ಕಟ್ಟಿಸಿಕೊಂಡು ಬಾವಿಗೆ ಹಾರಿ ಕಲಿತವರಿಗೆ ನೀರಿನ ಭಯ ಇರುವುದಿಲ್ಲ, ಅದು ಅರ್ಧ ಈಜು. ಕೆರೆ, ಹೊಳೆ, ಸಮುದ್ರದಲ್ಲಿ ದಿಕ್ಕು ನೋಡಿಕೊಂಡು ಬಹಳ ಹೊತ್ತು ನಿಧಾನವಾಗಿ ಸಾಗಲು ತಲೆ ಎತ್ತಿದ ಬ್ರೆಸ್ಟ್‌ಸ್ಟ್ರೋಕ್ ಈಗಲೂ ಉಪಯುಕ್ತ. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಸುಮಾರು 22 ಗಂಟೆ ಈಜಿ ದಾಟಿದ್ದು ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ. ಸ್ಪರ್ಧೆಯಲ್ಲೂ ತಲೆ ಪೂರ್ತಿ ನೀರೊಳಗೆ ಹೋಗಲು ನಿಯಮ ಮತ್ತೆ ಒಪ್ಪಿದ್ದು 1987ರಲ್ಲಿ.

ತೊಂದರೆ ಎಂದರೆ ಇದು ದುಬಾರಿ. ಅದೇ ವೇಗಕ್ಕೆ ಹೆಚ್ಚು ಶಕ್ತಿ ಖರ್ಚು, ಮೇಲೆ ಕುತ್ತಿಗೆ ಮತ್ತು ಕೆಳಬೆನ್ನಿನ ಮೇಲೆ ಒತ್ತಡ. ಈಜಿ ಬಂದ ಮೇಲೆ ಕುತ್ತಿಗೆ ಹಿಡಿದುಕೊಳ್ಳುತ್ತದೆ ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಇರುವ ಈಜನ್ನು ಬಿಡಬೇಡಿ, ಮುಖ ನೀರಿಗಿಡುವ ಈಜನ್ನು ಅದರ ಜೊತೆಗೆ ಕಲಿಯಿರಿ. ಒಂದು ಈಜು ಕನ್ನಡಕ ಕೊಂಡರೆ ಅರ್ಧ ಹಿಂಜರಿಕೆ ಹೋಗುತ್ತದೆ.

ಕೈಯನ್ನು ಎಷ್ಟು ದೂರ ಎಳೆಯಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಚಾಚಿದ ಕೈಗಳು ಭುಜಕ್ಕಿಂತ ಸ್ವಲ್ಪ ಹೊರಗೆ ಅಗಲವಾಗಲಿ, ಅಲ್ಲಿ ಮೊಣಕೈ ಮೇಲೆಯೇ ಉಳಿದು ಮುಂಗೈ ಕೆಳಗೆ ಇಳಿಯಲಿ, ಆಮೇಲೆ ಅಂಗೈಗಳು ಒಳಕ್ಕೆ ಬಳಸಿ ಗಲ್ಲದ ಕೆಳಗೆ ಕೂಡಲಿ. ದೊಡ್ಡ ಹಂಡೆಯ ಒಳಮೈಯನ್ನು ಎರಡೂ ಕೈಯಲ್ಲಿ ಉಜ್ಜಿದ ಹಾಗೆ. ಅಂಗೈ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲೇ ಇರಬೇಕು. ಭುಜದ ಗೆರೆ ದಾಟಿ ಪಕ್ಕೆಯವರೆಗೆ ಎಳೆದರೆ ಆ ಗಳಿಗೆಯಲ್ಲಿ ಸ್ವಲ್ಪ ವೇಗ ಸಿಗುತ್ತದೆ ನಿಜ, ಆದರೆ ಅಷ್ಟು ದೂರದಿಂದ ಎರಡೂ ತೋಳನ್ನು ನೀರಿನೊಳಗೇ ಮುಂದಕ್ಕೆ ತರುವಷ್ಟರಲ್ಲಿ ಸಿಕ್ಕಿದ್ದೆಲ್ಲ ಹೋಗಿರುತ್ತದೆ, ಒದೆಯುವ ಸಮಯಕ್ಕೆ ಕೈ ಇನ್ನೂ ಎದೆಯ ಕೆಳಗೇ ಉಳಿದಿರುತ್ತದೆ. ಎದೆಯ ಹತ್ತಿರ ಕೈಮುಗಿದು ಒಂದು ಗಳಿಗೆ ನಿಲ್ಲುವ ಅಭ್ಯಾಸವೂ ಬಹಳ ಜನರಿಗಿದೆ. ನಿಲ್ಲಬೇಡಿ, ಕೂಡಿದ ಕೈ ಹಾಗೆಯೇ ಮುಂದಕ್ಕೆ ಚಿಮ್ಮಲಿ.

ಕೈ ಮೊದಲೋ ಕಾಲು ಮೊದಲೋ? ಎರಡೂ ಒಟ್ಟಿಗೆ ಬಂದುಬಿಡುತ್ತವೆ.

ಎರಡೂ ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಕಾಲು ತಳ್ಳುತ್ತಿರುವಾಗ ಮುಂದೆ ಕೈ ಅಗಲಿಸಿಕೊಂಡಿದ್ದರೆ ತಳ್ಳಿದ ಬಲ ಆ ಕೈಗೆ ಡಿಕ್ಕಿ ಹೊಡೆಯುತ್ತದೆ. ಕೈ ಎಳೆಯುತ್ತಿರುವಾಗ ಮೊಣಕಾಲು ಮಡಚಿಕೊಂಡಿದ್ದರೆ ಎಳೆದದ್ದು ತೊಡೆಗೆ ಡಿಕ್ಕಿ. ಆದ್ದರಿಂದ ಕೈ ಎಳೆಯಲು ಶುರುಮಾಡಿದಾಗ ಕಾಲು ನೇರ. ಕಾಲು ಒದೆಯುವ ಕೊನೆಯಲ್ಲಿ ಕೈ ನೇರ. ಪೂಲಿನಲ್ಲಿ ಹೇಳುವ ‘ಪುಲ್, ಬ್ರೀತ್, ಕಿಕ್, ಗ್ಲೈಡ್’ (ಎಳೆ, ಉಸಿರಾಡು, ಒದೆ, ಮೈ ಚಾಚಿ ಜಾರು) ಅನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಿ. ಅಂಗೈ ಒಳಕ್ಕೆ ಬರುವಾಗ ಎದೆ ಮೇಲೇಳುತ್ತದೆ, ಬಾಯಿ ತಾನಾಗಿ ನೀರಿನಿಂದ ಹೊರಬರುತ್ತದೆ, ಉಸಿರು ಎಳೆದುಕೊಳ್ಳುವುದು ಆಗ. ಹಿಮ್ಮಡಿ ಮೇಲೆ ಬರುವುದೂ ಅದೇ ಹೊತ್ತಿಗೆ. ಕೈ ಮುಂದಕ್ಕೆ ಚಾಚುತ್ತಿರುವಾಗ ಒದೆತ.

ಇದನ್ನು ಬಾಯಿಪಾಠ ಮಾಡಿದವರೂ ನೀರಿಗಿಳಿದ ಕೂಡಲೇ ಮರೆಯುತ್ತಾರೆ. ಬಿಡಿಸಿ ಮಾಡಿದರೆ ಬೇಗ ಕೂಡುತ್ತದೆ: ಒಂದು ಸಲ ಕೈ, ಎರಡು ಸಲ ಕಿಕ್. ಎರಡನೇ ಕಿಕ್‌ನ ಹೊತ್ತಿಗೆ ಕೈ ಮುಂದೆ ಚಾಚಿ ಸುಮ್ಮನಿರಲೇಬೇಕು, ಬೇರೆ ದಾರಿಯಿಲ್ಲ. ಅದು ಹಿಡಿತಕ್ಕೆ ಬಂದ ಮೇಲೆ ಒಂದಕ್ಕೊಂದು.

ಗ್ಲೈಡ್ ಎಷ್ಟು ಹೊತ್ತು ಮಾಡಬೇಕು?

ವೇಗ ಇಳಿಯುತ್ತಿದೆ ಎಂದು ಗೊತ್ತಾಗುವವರೆಗೆ, ಕಾಲು ಮುಳುಗಲು ಶುರುವಾಗುವ ಮೊದಲು. ಒದ್ದ ಮರುಗಳಿಗೆಯೇ ನಿಮ್ಮ ವೇಗ ಅತಿ ಹೆಚ್ಚು. ಆ ವೇಗದಲ್ಲಿ ಕೈ ಅಗಲಿಸುವುದು ಅತಿ ದೊಡ್ಡ ನಷ್ಟ. ಕಲಿಯುವ ದಿನಗಳಲ್ಲಿ ಮನಸ್ಸಿನಲ್ಲಿ ‘ಒಂದು, ಎರಡು’ ಎಣಿಸಿ. ತೋಳು ಕಿವಿಗೆ ತಾಗಿರಲಿ, ಹೆಬ್ಬೆರಳುಗಳು ಕೂಡಿರಲಿ, ಕಾಲ್ಬೆರಳು ಚೂಪಾಗಿರಲಿ. ಸ್ಪರ್ಧೆಯಲ್ಲಿ 50 ಮೀಟರ್ ಈಜುವವರು ಗ್ಲೈಡ್ ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ, 200 ಮೀಟರ್‌ನವರು ಚೆನ್ನಾಗಿ ಮಾಡುತ್ತಾರೆ. ಟಿವಿಯಲ್ಲಿ ನೋಡಿ ನಕಲು ಮಾಡುವುದಾದರೆ 200 ಮೀಟರ್ ನೋಡಿ.

ಒಂದು ಲ್ಯಾಪ್‌ಗೇ ಏದುಸಿರು ಬರುತ್ತದೆ. ಸ್ಟ್ಯಾಮಿನಾ ಇಲ್ಲವೇ?

ದಿನಾ ಐದು ಕಿಲೋಮೀಟರ್ ಓಡುವವರೂ ಇದನ್ನೇ ಕೇಳುತ್ತಾರೆ. ಮುಖ ನೀರೊಳಗಿದ್ದಾಗ ನೀವು ಉಸಿರು ಬಿಗಿಹಿಡಿದಿದ್ದೀರಿ. ಮೇಲೆ ಬಂದಾಗ ಅರೆ ಸೆಕೆಂಡಿನಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಎಳೆಯಬೇಕಾಗುತ್ತದೆ. ಎರಡೂ ಆಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರುತ್ತ ಹೋಗುತ್ತದೆ, ಉಸಿರು ಕಟ್ಟಿದ ಭಾವನೆ ಅದರಿಂದಲೇ ಬರುತ್ತದೆ. ಸಾಲದ್ದಕ್ಕೆ ಎದೆಯ ಸುತ್ತ ನೀರಿನ ಒತ್ತಡವಿರುವುದರಿಂದ ಉಸಿರು ಎಳೆದುಕೊಳ್ಳಲು ನೆಲದ ಮೇಲಿಗಿಂತ ಹೆಚ್ಚು ಶ್ರಮ ಬೇಕು. ಗ್ಲೈಡ್ ಮಾಡುವಾಗ ಮೂಗು, ಬಾಯಿಯಿಂದ ಗುಳ್ಳೆ ಬಿಡುತ್ತಲೇ ಇರಿ. ಮೇಲೆ ಬಂದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿಯಲಿ.

ಫ್ರೀಸ್ಟೈಲ್ ಮೊದಲು ಕಲಿಯಬೇಕೇ?

ಹಾಗೇನಿಲ್ಲ. ಭಾರತದ ಪೂಲುಗಳಲ್ಲಿ ಹೆಚ್ಚಾಗಿ ಅದನ್ನೇ ಮೊದಲು ಕಲಿಸುತ್ತಾರೆ, ಯುರೋಪಿನ ಹಲವು ಕಡೆ ಬ್ರೆಸ್ಟ್‌ಸ್ಟ್ರೋಕ್ ಮೊದಲು. ತೇಲುವುದು, ನೀರೊಳಗೆ ಉಸಿರು ಬಿಡುವುದು ಬಂದರೆ ಯಾವುದರಿಂದ ಶುರುಮಾಡಿದರೂ ಆಗುತ್ತದೆ. ಮಂಡಿ ದುರ್ಬಲವಾಗಿದ್ದರೆ ಫ್ರೀಸ್ಟೈಲ್ ಮೊದಲಿರಲಿ.

ಸಡಿಲ ಟೀಶರ್ಟ್, ಚೂಡಿದಾರ್ ಹಾಕಿಕೊಂಡು ಕಲಿಯಬಹುದೇ?

ಕಲಿಯಬಹುದು, ಕಷ್ಟಪಡಬಹುದು. ಹತ್ತಿ ಬಟ್ಟೆ ನೀರು ಕುಡಿದು ತೊಡೆಗೆ ಸುತ್ತಿಕೊಳ್ಳುತ್ತದೆ, ಗ್ಲೈಡ್ ಅಲ್ಲಿಗೇ ಮುಗಿಯಿತು. ಮೈ ಮುಚ್ಚುವ, ಮೈಗೆ ಅಂಟುವ ನೈಲಾನ್ ಈಜುಡುಗೆ ಈಗ ಸುಲಭವಾಗಿ ಸಿಗುತ್ತದೆ. ಹಲವು ಪೂಲುಗಳು ಹತ್ತಿ ಬಟ್ಟೆಗೆ ಬಿಡುವುದೂ ಇಲ್ಲ.

ಗರ್ಭಿಣಿಯರು ಬ್ರೆಸ್ಟ್‌ಸ್ಟ್ರೋಕ್ ಮಾಡಬಹುದೇ?

ವೈದ್ಯರು ಈಜಲು ಒಪ್ಪಿದ್ದರೆ ಹಲವರಿಗೆ ತೊಂದರೆಯಿಲ್ಲ. ಆದರೆ ಕಿಬ್ಬೊಟ್ಟೆಯ ಕೆಳಗಿನ ಮೂಳೆ ಕೂಡುವಲ್ಲಿ ಅಥವಾ ಸೊಂಟದ ಹಿಂದೆ ನೋವಿರುವವರು ಈ ಕಿಕ್ಕನ್ನು ಬಿಡಬೇಕು. ಕಾಲು ಅಗಲಿಸಿ ಜೋರಾಗಿ ಕೂಡಿಸುವುದು ಆ ನೋವನ್ನು ಹೆಚ್ಚಿಸುತ್ತದೆ.

ಮಗಳನ್ನು ಶಾಲೆಯ ಸ್ಪರ್ಧೆಯಲ್ಲಿ ಡಿಸ್‌ಕ್ವಾಲಿಫೈ ಮಾಡಿದರು. ಮೊದಲು ಬಂದಿದ್ದಳು. ಏನು ತಪ್ಪು?

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ನಿಯಮಗಳ ಕಾಟ ಹೆಚ್ಚು. ಮಕ್ಕಳಲ್ಲಿ ಸಾಮಾನ್ಯವಾಗಿ ಎರಡೇ ಕಾರಣ: ಸಿಸರ್ ಕಿಕ್, ಮತ್ತು ಗೋಡೆಯನ್ನು ಒಂದೇ ಕೈಯಲ್ಲಿ ಮುಟ್ಟುವುದು. ತಿರುಗುವಾಗಲೂ ಮುಗಿಸುವಾಗಲೂ ಎರಡು ಕೈಯೂ ಒಟ್ಟಿಗೆ ಗೋಡೆ ಮುಟ್ಟಬೇಕು. ಒದೆಯುವಾಗ ಎರಡು ಪಾದವೂ ಹೊರಕ್ಕೆ ತಿರುಗಿರಬೇಕು. ಶುರುವಿನ ಮತ್ತು ತಿರುವಿನ ಬಳಿಕದ ಮೊದಲ ಎಳೆತ ಬಿಟ್ಟರೆ ಕೈ ಸೊಂಟದ ಗೆರೆ ದಾಟುವಂತಿಲ್ಲ. ಪ್ರತಿ ಸುತ್ತಿನಲ್ಲೂ ತಲೆಯ ಯಾವುದಾದರೂ ಭಾಗ ನೀರಿನ ಮೇಲೆ ಬರಬೇಕು.

ಕೊನೆಯ ನಿಯಮದ ಹಿಂದೆ ಒಂದು ಕಥೆಯಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ 200 ಮೀಟರ್‌ನಲ್ಲಿ ಜಪಾನಿನ ಮಸಾರು ಫುರುಕಾವಾ ಬಹುಪಾಲು ದೂರವನ್ನು ನೀರಿನಡಿಯಲ್ಲೇ ಈಜಿ ಚಿನ್ನ ಗೆದ್ದರು. ಮೇಲ್ಮೈಯಲ್ಲಿ ಈಜುವವನು ಅಲೆ ಎಬ್ಬಿಸಲು ಖರ್ಚು ಮಾಡುವ ಶಕ್ತಿ ಆಳದಲ್ಲಿ ಉಳಿಯುತ್ತದೆ; ಅದೇ ಅವರಿಗಾದ ಲಾಭ. ಅದಾದ ಮೇಲೆ ಆ ದಾರಿ ಮುಚ್ಚಿದರು. 2004ರ ಅಥೆನ್ಸ್‌ನಲ್ಲಿ ಮತ್ತೊಬ್ಬ ಜಪಾನಿ, ಕೊಸುಕೆ ಕಿಟಾಜಿಮಾ, 100 ಮೀಟರ್ ಗೆದ್ದಾಗ ನೀರಿನಡಿ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಮೀನಿನ ಬಾಲದಂತೆ ಬಡಿಯುವುದು) ಮಾಡಿದರೆಂದು ಅಮೆರಿಕನ್ನರು ಗಲಾಟೆ ಮಾಡಿದರು. ಮರುವರ್ಷ ನಿಯಮವೇ ಬದಲಾಗಿ ಶುರುವಿನಲ್ಲೂ ತಿರುವುಗಳಲ್ಲೂ ಒಂದೊಂದು ಡಾಲ್ಫಿನ್ ಕಿಕ್‌ಗೆ ಅವಕಾಶ ಸಿಕ್ಕಿತು. ಮಗಳಿಗೆ ಹೇಳಿ: ಒಂದೇ ಒಂದು.

ನಮ್ಮವರ ಈಜು ನೋಡಿ ಕಲಿಯಬೇಕೆಂದರೆ ಸಂದೀಪ್ ಸೆಜ್ವಾಲ್ ಇದ್ದಾರೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದವರು.

ಈಜುರೆಕ್ಕೆ, ಅಂದರೆ ಫಿನ್ಸ್, ಹಾಕಿಕೊಂಡು ಈ ಕಿಕ್ ಅಭ್ಯಾಸ ಮಾಡಬಹುದೇ?

ಬೇಡ. ಉದ್ದನೆಯ ಫಿನ್ಸ್ ಪಾದವನ್ನು ಹೊರಕ್ಕೆ ತಿರುಗಲು ಬಿಡುವುದಿಲ್ಲ, ತಿರುಗಿಸಿದರೆ ಮಂಡಿಯನ್ನು ತಿರುಚುತ್ತದೆ.

ಸುಧಾರಿಸುತ್ತಿದ್ದೇನೆ ಎಂದು ತಿಳಿಯುವುದು ಹೇಗೆ? ಗಡಿಯಾರ ನೋಡಬೇಕೇ?

ಮೊದಲ ತಿಂಗಳುಗಳಲ್ಲಿ ಗಡಿಯಾರ ಬೇಡ. 25 ಮೀಟರ್ ದಾಟಲು ಎಷ್ಟು ಸಲ ಕೈ ಎಳೆದಿರಿ ಎಂದು ಎಣಿಸಿ. ಆ ಸಂಖ್ಯೆ ಇಳಿಯುತ್ತಿದ್ದರೆ ಪ್ರತಿ ಒದೆತದಲ್ಲಿ ಹೆಚ್ಚು ದೂರ ಸಾಗುತ್ತಿದ್ದೀರಿ. ಗೋಡೆ ತಳ್ಳಿ ಹೊರಡುವುದನ್ನು ಪ್ರತಿ ಸಲವೂ ಒಂದೇ ರೀತಿ ಮಾಡಿ, ಇಲ್ಲದಿದ್ದರೆ ಎಣಿಕೆಗೆ ಅರ್ಥವಿಲ್ಲ. ಸಂಖ್ಯೆ ಇಳಿದು, ಆದರೆ ದಾಟುವ ಹೊತ್ತಿಗೆ ಕಾಲು ಮುಳುಗಿ ನೆಟ್ಟಗಾಗುತ್ತಿದ್ದರೆ ಗ್ಲೈಡ್ ಅತಿಯಾಗಿದೆ ಎಂದರ್ಥ. ಆಗ ಒಂದೆರಡು ಎಳೆತ ಹೆಚ್ಚು ಮಾಡಿ. ಸಾಧ್ಯವಾದರೆ ಯಾರಿಂದಲಾದರೂ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ, ಆದರೆ ಪೂಲಿನವರ ಒಪ್ಪಿಗೆ ಕೇಳಿ, ಬೇರೆಯವರು ಚಿತ್ರದಲ್ಲಿ ಬಾರದಂತೆ. ಅದರಲ್ಲಿ ನೋಡಬೇಕಾದದ್ದು ಒಂದೇ ಒಂದು ಗಳಿಗೆ: ಹಿಮ್ಮಡಿ ಕುಂಡೆಯ ಹತ್ತಿರ ಬಂದಾಗ ಬೆರಳುಗಳು ಎತ್ತ ನೋಡುತ್ತಿವೆ ಎಂಬುದು.